ಗೋಣಿ ಅಕ್ಷರ

ಪ್ರಿಂಟಿಂಗ್ ಶೆಡ್ಡಿನಲ್ಲಿ ಫಕೀರೇಶ ಮೊದಲ ಹಾಳೆಯನ್ನು ಸ್ಕ್ರೀನಿನ ಅಡಿಯಿಂದ ತೆಗೆದು ಎತ್ತಿ ಹಿಡಿದಾಗ ಧನ್ಯಶ್ರೀಗೆ ಬೇರೆ ಯಾರದೋ ಪೋಸ್ಟರ್ ನೋಡುತ್ತಿರುವಂತೆ ಅನ್ನಿಸಿತು. ಕಂದು ಕಾಗದದ ಮೇಲೆ ‘ಕಾಳುಮನೆ’ ಎಂಬ ನಾಲ್ಕು ಅಕ್ಷರಗಳು ಕಪ್ಪಗೆ, ದುಂಡಗೆ, ಹೊಟ್ಟೆ ತುಂಬ ಉಂಡು ಕೂತವರ ಹಾಗೆ ಕೂತಿದ್ದವು. ಎಲ್ಲೂ ಒಂದು ಬಿರುಕಿಲ್ಲ, ಒಂದು ನಡುಕವಿಲ್ಲ. ಯಾವುದೋ ಬ್ಯಾಂಕಿನ ಬಾಗಿಲ ಮೇಲೆ ಇರಬೇಕಾದ ಅಕ್ಷರಗಳು.

“ಏನಮ್ಮಾ, ಕಣ್ಣಿಗೆ ಒತ್ಕೊಳ್ಳೋ ಹಂಗೆ ಬಂದದೆ ಅಲ್ವಾ?” ಅಂದ ಫಕೀರೇಶ.

“ಇದಲ್ಲ ಅಣ್ಣ.”

“ಇದಲ್ಲ ಅಂದ್ರೆ? ನೀನೇ ತಂದುಕೊಟ್ಟ ಫಿಲ್ಮು.”

ಧನ್ಯಶ್ರೀ ಮೂಲೆಯಲ್ಲಿದ್ದ ದೀಪದ ಗಾಜಿನ ಮೇಜಿನ ಮೇಲೆ ಅಕ್ಷರದ ಅಚ್ಚಿರುವ ಆ ಪಾರದರ್ಶಕ ಫಿಲ್ಮನ್ನು ಹರಡಿ ಬಗ್ಗಿದಳು. ಫಿಲ್ಮಿನ ಕಪ್ಪು ಮಂಕಾಗಿರುತ್ತದೆ. ಆ ಮಂಕಿನ ನಡುವೆ ಅಲ್ಲಲ್ಲಿ ಇನ್ನೊಂದು ಕಪ್ಪು ಹೊಳೆಯುತ್ತಿತ್ತು. ಮಾರ್ಕರ್ ಪೆನ್ನಿನದು. ಅಕ್ಷರದಲ್ಲಿ ಎಲ್ಲೆಲ್ಲಿ ಬಿರುಕಿತ್ತೋ, ಎಲ್ಲೆಲ್ಲಿ ಬಣ್ಣ ತಾಗದೆ ಖಾಲಿ ಉಳಿದಿತ್ತೋ, ಅಲ್ಲೆಲ್ಲ ಯಾರೋ ಕೂತು, ಒಂದೊಂದಾಗಿ, ಅಂಚು ಮೀರದಂತೆ ತುಂಬಿಸಿದ್ದರು. ಎರಡನೆಯ ಫಿಲ್ಮಿನಲ್ಲೂ ಅದೇ. ಮೂರನೆಯದರಲ್ಲೂ ಅದೇ.

ಯಾರೋ ಏನು, ಅಪ್ಪ. ನಿನ್ನೆ ಭಾನುವಾರ ಅವಳೂ ಅಮ್ಮನೂ ಕೆಂಗೇರಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದರು. ಮನೆಯಲ್ಲಿ ಇದ್ದವರು ಅಪ್ಪ ಒಬ್ಬರೇ. ಬೆಳಗ್ಗೆ ಅವಳು ಫಿಲ್ಮಿನ ಸುರುಳಿ ಬಿಚ್ಚಿ ನೋಡದೆ ಹಾಗೇ ತಂದಿದ್ದಳು.

ಗಂಟೆ ಹತ್ತೂವರೆ. ಸಂಜೆ ನಾಲ್ಕಕ್ಕೆ ಈ ಪೋಸ್ಟರುಗಳು ರಾಜಾಜಿನಗರದ ಸ್ಟುಡಿಯೋದ ಮೇಜಿನ ಮೇಲೆ ಇರಬೇಕಿತ್ತು.

ಡಿಗ್ರಿ ಮುಗಿದು ಎರಡು ವರ್ಷದಲ್ಲಿ ಧನ್ಯಶ್ರೀ ಹನ್ನೊಂದು ಇಂಟರ್‌ವ್ಯೂಗೆ ಹೋಗಿ ಹನ್ನೊಂದರಲ್ಲೂ ಬಾಯಿ ಒಣಗಿಸಿಕೊಂಡು ಬಂದಿದ್ದಳು. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಸಾಕು, ಗಂಟಲಿನಲ್ಲಿ ಏನೋ ಅಡ್ಡ ಬಂದು ಕೂರುತ್ತಿತ್ತು. ಮನೆಗೆ ಬಂದು ಡೈರಿಯಲ್ಲಿ ಎರಡು ಪುಟ ಬರೆಯುವಳು; ಅಷ್ಟನ್ನು ಅಲ್ಲಿ ಹೇಳಿದ್ದರೆ ಕೆಲಸ ಸಿಕ್ಕಿಬಿಡುತ್ತಿತ್ತೋ ಏನೋ. ಹನ್ನೆರಡನೆಯದು ರಾಗಿಣಿ ಮೇಡಂ ಅವರ ಸ್ಟುಡಿಯೋ. ಆಕೆ ಮಾತು ಕೇಳಲಿಲ್ಲ. ಇವಳ ಲ್ಯಾಪ್‌ಟಾಪಿನಲ್ಲಿದ್ದ ಅಕ್ಷರಗಳನ್ನೇ ನೋಡುತ್ತ ಹೇಳಿದರು: “ಕಾಳುಮನೆ ಅಂತ ಒಂದು ಅಂಗಡಿ ಶುರುವಾಗ್ತಿದೆ, ಬೇಳೆಕಾಳಿಂದು. ನಿಮ್ಮ ಈ ಫಾಂಟಲ್ಲಿ ಮೂರು ಪೋಸ್ಟರ್ ಮಾಡಿ. ಅವರಿಗೆ ಕಂಪ್ಯೂಟರಲ್ಲಿ ತೋರಿಸಿದ್ರೆ ನಡೆಯಲ್ಲ, ಕೈಯಲ್ಲಿ ಪ್ರಿಂಟ್ ಹಾಕಿಸಿ, ಒಂದೊಂದರದ್ದು ಹತ್ತು ಪ್ರತಿ ತನ್ನಿ. ಸೋಮವಾರ ನಾಲ್ಕು ಗಂಟೆ. ಅವರು ಒಪ್ಪಿದ್ರೆ ಆ ಕುರ್ಚಿ ನಿಮ್ಮದು. ಇಲ್ಲಾಂದ್ರೆ ಮಂಗಳವಾರ ಬೇರೆಯವರನ್ನ ಕರೆದಿದೀನಿ.”

ಆ ಫಾಂಟಿಗೆ ಅವಳಿಟ್ಟ ಹೆಸರು ‘ಗೋಣಿ’. ನೆಟ್ಟಗೆ ನಿಲ್ಲಲಾರದ ಅಕ್ಷರಗಳು ಅವು. ತಲೆಕಟ್ಟು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸವೆದು ಎಳೆ ಎಳೆ. ಗೋಣಿಯ ನೇಯ್ಗೆ ಬಣ್ಣವನ್ನು ನುಂಗಿದ ಕಡೆ ಸಣ್ಣ ಸಣ್ಣ ಚೌಕದ ತೂತು; ಬಾಲಗಳು ಮುಗಿಯುವಾಗ ಎರಡು ಮೂರು ಸಲ ಅದುರಿ, ಆಮೇಲೆ ಮುಗಿದಂಥವು. ಒಂದೇ ಬಿರುಕು ಪಕ್ಕಪಕ್ಕದಲ್ಲಿ ಎರಡು ಸಲ ಕಂಡರೆ ಮೋಸ ಗೊತ್ತಾಗುತ್ತದೆ ಎಂದು ಪ್ರತಿ ಅಕ್ಷರಕ್ಕೂ ಮೂರು ಮೂರು ರೂಪ ಮಾಡಿದ್ದಳು. ಒತ್ತಕ್ಷರ ಎಲ್ಲ ಸೇರಿ ಹನ್ನೊಂದು ತಿಂಗಳ ಕೆಲಸ. ಚಿಕ್ಕದು ಮಾಡಿದರೆ ಅದು ಅಕ್ಷರವೇ ಅಲ್ಲ, ಕಾಗದಕ್ಕೆ ಹತ್ತಿದ ಕೊಳೆ. ಮದುವೆ ಕಾರ್ಡಿಗೆ ಆಗುವುದಿಲ್ಲ, ಔಷಧಿ ಡಬ್ಬಿಗೆ ಆಗುವುದಿಲ್ಲ. ಆದರೆ ಗೋಡೆಯ ಅಗಲಕ್ಕೆ ಒಂದು ಪದ, ನಾಟಕದ ಪೋಸ್ಟರಿಗೆ ಒಂದು ಹೆಸರು, ಟೀ ಶರ್ಟಿನ ಎದೆಯ ಮೇಲೆ ಒಂದು ಸಾಲು ಹಾಕಿ ನೋಡಿದರೆ, ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡು ಮಾತಾಡಿದ ಹಾಗೆ ಕೇಳುತ್ತಿತ್ತು.

ಅದು ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ ಅವಳು ಮನೆಯಲ್ಲಿ ಹೇಳಿರಲಿಲ್ಲ.

ಅಪ್ಪ ಮುನಿರಾಮಯ್ಯ ನಾಯಂಡಹಳ್ಳಿಯ ಗೋಡೌನೊಂದರಲ್ಲಿ ಇಪ್ಪತ್ತಾರು ವರ್ಷ ಚೀಲಗಳ ಮೇಲೆ ಮಾರ್ಕಾ ಬರೆದವರು. ಬೇಳೆಯ ಹೆಸರು, ವ್ಯಾಪಾರಿಯ ಹೆಸರು, ಹೋಗುವ ಊರು, ಎಲ್ಲ ಕುಂಚದಲ್ಲಿ, ಬರಿಗೈಯಲ್ಲಿ. ಅವರ ಅಕ್ಷರ ಅಚ್ಚು ಹಾಕಿದ ಹಾಗೆ ಎಂದು ಲಾರಿ ಡ್ರೈವರುಗಳೂ ಹೇಳುತ್ತಿದ್ದರು. ಕೊನೆಯ ಎರಡು ವರ್ಷ ಕೈ ನಡುಗತೊಡಗಿತು. ಮೊದಲು ಬಾಲಗಳು ಅದುರಿದವು, ಆಮೇಲೆ ಇಡೀ ಅಕ್ಷರ. ಒಂದು ದಿನ ಎಲ್ಲರೆದುರು ಸಾಹುಕಾರರು, “ಏನ್ ಮುನಿರಾಮಯ್ಯ, ನಿನ್ನ ಅಕ್ಷರ ಎಣ್ಣೆ ಹೊಡ್ಕೊಂಡು ಬಂದಂಗಿದಾವಲ್ಲಪ್ಪ!” ಅಂದರು. ಹಮಾಲಿಗಳು ನಕ್ಕರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಅಪ್ಪ ಅವತ್ತು ಕುಂಚ ತೊಳೆದಿಟ್ಟು ಬಂದವರು ಮತ್ತೆ ಆ ಕಡೆ ಹೋಗಲಿಲ್ಲ; ಮನೆಯ ಬಸ್ಸು ನಾಯಂಡಹಳ್ಳಿ ದಾಟಿಯೇ ಹೋದರೂ ಅಲ್ಲಿ ಇಳಿಯಲಿಲ್ಲ. ಮನೆಯಲ್ಲಿ ಆ ಮಾತು ಯಾರೂ ಎತ್ತುವಂತಿರಲಿಲ್ಲ.

ಧನ್ಯಶ್ರೀ ತೆಗೆದುಕೊಂಡದ್ದು ಆ ಕೊನೆಯ ಎರಡು ವರ್ಷದ ಚೀಲಗಳನ್ನು. ಅಕ್ಷರ ಕೆಟ್ಟವೆಂದು ಗೋಡೌನಿನಿಂದ ಮನೆಗೆ ಬಂದು, ಅಮ್ಮ ತಾರಸಿಯ ಮೂಲೆಯಲ್ಲಿ ಪೇರಿಸಿಟ್ಟಿದ್ದ ಖಾಲಿ ಚೀಲಗಳ ಫೋಟೋ ತೆಗೆದು, ಅಕ್ಷರ ಅಕ್ಷರ ಬಿಡಿಸಿಕೊಂಡಿದ್ದಳು. ಅಪ್ಪ ಕೇಳಿದಾಗ “ಇಂಟರ್‌ನೆಟ್ಟಲ್ಲಿ ಸಿಕ್ಕಿದ್ದು” ಅಂದಿದ್ದಳು.

“ಫಿಲ್ಮ್ ಅಂಗಡಿಗೆ ಫೋನ್ ಮಾಡು, ಇನ್ನೊಂದು ಸೆಟ್ ತೆಗೆದುಕೊಡ್ತಾರಾ ಕೇಳು,” ಅಂದ ಫಕೀರೇಶ.

ಫೋನೆಂದರೆ ಅವಳಿಗೆ ಜ್ವರ ಬಂದಂತೆ. ಮಾಡಿದಳು. ಆ ಕಡೆಯವನು, “ಈಗ ಫೈಲ್ ಕಳಿಸಿದ್ರೆ ಆರು ಗಂಟೆಗೆ ಕೊಡ್ತೀನಿ ಮೇಡಂ, ಲೈನಲ್ಲಿ ಬಹಳ ಇದೆ,” ಅಂದ. “ಅಣ್ಣ, ಸ್ವಲ್ಪ ಬೇಗ...” ಅನ್ನುವಷ್ಟರಲ್ಲಿ ಇಟ್ಟುಬಿಟ್ಟ.

ಫಕೀರೇಶ ತಲೆ ಕೆರೆದುಕೊಂಡ. ಸುಂಕದಕಟ್ಟೆಯ ಈ ಶೀಟಿನ ಶೆಡ್ಡಿನಲ್ಲಿ ಅವನದು ಹದಿನೈದು ವರ್ಷದ ಸ್ಕ್ರೀನ್ ಪ್ರಿಂಟಿಂಗು. “ಹರಿದ ಜೀನ್ಸ್ ಪ್ಯಾಂಟು ಆಸೆಪಟ್ಟು ತಂದು, ಅದನ್ನ ಮನೇಲಿ ಯಾರೋ ಟೈಲರ್ ಹತ್ರ ಹೊಲಿಸಿಟ್ಟಂಗಾಯ್ತಲ್ಲಮ್ಮ ನಿಂದು!” ಎಂದು ನಕ್ಕ. ಅವಳ ಮುಖ ನೋಡಿ ನಗು ನುಂಗಿಕೊಂಡ. “ಅಳಬೇಡ ಮಾರಾಯ್ತಿ. ಫಿಲ್ಮಿನ ಕಪ್ಪು ಒಳಗಿಂದು. ಈ ಪೆನ್ನಿಂದು ಮೇಲಿಂದು. ಥಿನ್ನರ್ ಹಾಕಿ ಮೆಲ್ಲಗೆ ಒರೆಸಿದ್ರೆ ಮೇಲಿಂದು ಹೋಗ್ತದೆ, ಒಳಗಿಂದು ಉಳೀತದೆ. ನೀನು ಒರೆಸು. ಅಷ್ಟರಲ್ಲಿ ನಾನು ಸ್ಕ್ರೀನ್ ತೊಳೆದು ಮತ್ತೆ ಕೋಟಿಂಗ್ ಹಾಕ್ತೀನಿ. ಒಣಗಿ, ಫಿಲ್ಮಿನ ಅಕ್ಷರ ಅದಕ್ಕಿಳಿದು ರೆಡಿ ಆಗೋಷ್ಟರಲ್ಲಿ ಎರಡು ಗಂಟೆ. ಮೂರಕ್ಕೆ ಆಟೋ ಹತ್ತಿಸ್ತೀನಿ.”

ಅವಳು ಹತ್ತಿಯ ಬಟ್ಟೆಗೆ ಥಿನ್ನರ್ ತಾಗಿಸಿದಳು. ಆಗಲೇ ಫೋನ್ ಅದುರಿತು. ಅಪ್ಪ.

“ಏನಮ್ಮ, ಪ್ರಿಂಟ್ ಶುರುವಾಯ್ತಾ?”

“ಹ್ಞೂಂ ಅಪ್ಪ.”

“ಹೆಂಗೆ ಬಂತು?” ಅಪ್ಪನ ದನಿಯಲ್ಲಿ ಮೂರು ವರ್ಷದಿಂದ ಕೇಳದ ಒಂದು ಉಮೇದು. “ನಿಂಗೆ ಹೇಳ್ಬಾರ್ದು ಅಂತಿದ್ದೆ, ತಡ್ಕೊಳ್ಳಕ್ಕಾಗ್ಲಿಲ್ಲ. ಆ ಮೆಷಿನ್‌ನೋನು ಇಂಕೇ ಹಾಕಿಲ್ಲ ಕಣಮ್ಮ. ಎಲ್ಲಾ ಕಡಿದು ಕಡಿದು ಹೋಗಿತ್ತು. ಬೆಳಗ್ಗೆ ಕೂತೋನು ಸಂಜೆ ನೀವು ಬರೋ ತನಕ ಕೂತಿದ್ದೆ. ಎಡಗೈಯಲ್ಲಿ ಬಲಗೈ ಗಟ್ಟಿಯಾಗಿ ಹಿಡ್ಕೊಂಡು ತುಂಬಿಸಿದೀನಿ. ಒಂದ್ ಕಡೇನಾದ್ರೂ ಆಚೆ ಹೋಗಿದ್ಯಾ ನೋಡು.”

ಗೋಡೌನಿನಲ್ಲಿ ಅದೇ ಪದ್ಧತಿ. ಗೋಣಿ ಬಣ್ಣ ಕುಡಿದು ಅಕ್ಷರ ಕಡಿದಿದ್ದರೆ ಅದರ ಮೇಲೆ ಎರಡನೇ ಸಲ ಕುಂಚ ಆಡಿಸದೆ ಚೀಲವನ್ನು ಲಾರಿಗೆ ಏರಿಸಲು ಬಿಡುತ್ತಿರಲಿಲ್ಲ ಅಪ್ಪ. ಕಡಿದ ಅಕ್ಷರವನ್ನು ಕಣ್ಣೆದುರು ಕಂಡೂ ಸುಮ್ಮನಿರುವುದು ಅವರಿಗೆ ಗೊತ್ತೇ ಇರಲಿಲ್ಲ.

“ಇಲ್ಲ ಅಪ್ಪ. ಆಚೆ ಹೋಗಿಲ್ಲ,” ಅಂದಳು.

“ನಾನೂ ಬರ್ತಾ ಇದೀನಿ ನೋಡಕ್ಕೆ. ಬಸ್ ಹತ್ತಿದೀನಿ ಆಗ್ಲೇ. ನಿಮ್ಮಮ್ಮ ನಿಂಗೂ ಊಟ ಕಟ್ಟವಳೆ.”

ಬೇಡ ಅನ್ನಬೇಕಿತ್ತು. ನೂರು ನೆಪ ಇದ್ದವು. ಒಂದೂ ನಾಲಿಗೆಗೆ ಬರಲಿಲ್ಲ. “ಹ್ಞೂಂ,” ಅಂದಳು.

ಇನ್ನು ಮುಕ್ಕಾಲು ಗಂಟೆ. ರಿಂಗ್ ರೋಡಿನಲ್ಲಿ ಟ್ರಾಫಿಕ್ ಇದ್ದರೆ ಒಂದು ಗಂಟೆ. ಜೀವನದಲ್ಲಿ ಮೊದಲ ಸಲ ಅವಳು ಟ್ರಾಫಿಕ್ಕಿಗಾಗಿ ದೇವರನ್ನು ಬೇಡಿಕೊಂಡಳು. ಅಪ್ಪ ಬರುವುದರೊಳಗೆ ಮೂರನ್ನೂ ಒರೆಸಿ, ಫಿಲ್ಮುಗಳನ್ನು ಸ್ಕ್ರೀನಿನ ಹಿಂದೆ ಸೇರಿಸಿಬಿಡಬೇಕು. ಈಗಾಗಲೇ ಬಂದಿರುವ ತುಂಬಿದ ಪ್ರಿಂಟನ್ನು ತೋರಿಸಿ, ಚೆನ್ನಾಗಿದೆ ಅಪ್ಪ ಎಂದು ಹೇಳಿ, ಊಟ ಮಾಡಿಸಿ ಬಸ್ಸು ಹತ್ತಿಸಬೇಕು. ಡೈರಿಯಲ್ಲಿ ಕೂಡ ಬರೆಯಲಾಗದ ಲೆಕ್ಕಾಚಾರ.

ಒರೆಸಿದಳು. ಬಟ್ಟೆ ಕಪ್ಪಾಯಿತು, ಬಿರುಕುಗಳು ಒಂದೊಂದಾಗಿ ಬಾಯಿ ತೆರೆದವು. ಹತ್ತಿರದಿಂದ ನೋಡಿದರೆ ಅಪ್ಪನ ಪೆನ್ನಿನ ಗೀಟುಗಳು ಕೂಡ ಕಾಣುತ್ತಿದ್ದವು: ಸಾಸಿವೆ ಕಾಳಿನಷ್ಟು ಜಾಗದಲ್ಲಿ ನಾಲ್ಕು ಐದು ಸಲ ಅದುರಿ, ಆದರೂ ಅಂಚು ದಾಟದೆ ನಿಂತ ಗೀಟುಗಳು. ಇಷ್ಟು ಚಿಕ್ಕ ಜಾಗದಲ್ಲಿ ಆ ಕೈಯನ್ನು ನಿಲ್ಲಿಸಲು ಎಷ್ಟು ಹೊತ್ತು ಉಸಿರು ಹಿಡಿದಿರಬೇಕು! ಅವನ್ನೇ ಅವಳು ಒರೆಸುತ್ತಿದ್ದಳು. ಥಿನ್ನರಿನ ಘಾಟಿಗೆ ಕಣ್ಣಲ್ಲಿ ನೀರು ಬಂದರೆ ಫಕೀರೇಶ ಕೇಳುವಂತಿರಲಿಲ್ಲ, ಅದೊಂದು ಅನುಕೂಲವಾಯಿತು.

ಮೊದಲನೆಯದು ಮುಗಿಯಿತು. ಎರಡನೆಯದು ಮುಗಿಯಿತು. ಮೂರನೆಯದರಲ್ಲಿ ‘ಳು’ ಅರ್ಧ ಒರೆಸಿದ್ದಳು.

“ಏನಮ್ಮ ಅದು ಒರೆಸ್ತಾ ಇರೋದು?”

ಅಪ್ಪ ಬಾಗಿಲಲ್ಲಿದ್ದರು. ಒಂದು ಕೈಯಲ್ಲಿ ಊಟದ ಚೀಲ. ಆ ದಿನ ರಿಂಗ್ ರೋಡು ಖಾಲಿ ಇತ್ತೋ ಏನೋ.

ಫಕೀರೇಶ ಚುರುಕಿನವನು. “ಬನ್ನಿ ಸಾರ್, ಬನ್ನಿ! ಧೂಳು ಸಾರ್, ಧೂಳು ಕೂತಿತ್ತು. ಚಾ ತರಿಸ್ಲಾ?” ಎಂದು ಅಡ್ಡ ನಿಂತ.

“ಬೇಡಪ್ಪ,” ಎಂದು ಅಪ್ಪ ಅವನನ್ನು ದಾಟಿ ಮೇಜಿನ ಹತ್ತಿರ ಬಂದರು. ಬಟ್ಟೆ ನೋಡಿದರು, ಥಿನ್ನರಿನ ಬಾಟ್ಲಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಗಲಿಬಿಲಿಯಿತ್ತು. “ಕೆಟ್ಟದಾಗಿತ್ತಾ ನಾನು ಮಾಡಿದ್ದು?”

“ಇಲ್ಲ ಅಪ್ಪ.”

“ಮತ್ತೆ?”

ಅವಳು ಬಾಯಿ ತೆರೆದಳು. “ಅದು... ಹಂಗೇ ಇರ್ಬೇಕು ಅಪ್ಪ. ಕಡಿದೇ ಇರ್ಬೇಕು. ಅವರಿಗೆ ಬೇಕಾಗಿರೋದೇ ಅದು.”

“ಕಡಿದಿರೋದು ಬೇಕಾ?” ಅಪ್ಪ ನಗಲು ನೋಡಿದರು. ಹೊಸ ಕಾಲದವರ ಹುಚ್ಚು ಎಂದು ಬಿಟ್ಟುಬಿಡುವವರ ನಗು. ಹಾಗೆಯೇ ಬಗ್ಗಿ, ದೀಪದ ಮೇಲಿದ್ದ ‘ಳು’ ನೋಡಿದರು. ನಿನ್ನೆ ಕಡಿದ ಜಾಗಗಳನ್ನಷ್ಟೇ ಕಂಡಿದ್ದವರು ಈಗ ಇಡೀ ಅಕ್ಷರವನ್ನು ನೋಡುತ್ತಲೇ ಇದ್ದರು. ಬೆರಳು ತಾನಾಗಿ ಗಾಳಿಯಲ್ಲಿ ಆ ಬಾಲವನ್ನು ತಿದ್ದಿತು, ಎಲ್ಲಿ ಅದು ಮೂರು ಸಲ ಅದುರಿ ಮುಗಿಯುತ್ತಿತ್ತೋ ಅಲ್ಲಿ ಬೆರಳೂ ಮೂರು ಸಲ ಅದುರಿತು. ನಗು ಎಲ್ಲಿ ಹೋಯಿತೋ ಅವಳಿಗೆ ಕಾಣಲಿಲ್ಲ.

“ಇದು ನನ್ ಕೈ ಅಲ್ವೇನಮ್ಮ?”

ಫಕೀರೇಶ ನಲ್ಲಿ ನಿಲ್ಲಿಸಿದ.

“ಹೌದು ಅಪ್ಪ.”

“ಯಾವಾಗಿಂದು?”

“ಕೊನೇ... ಕೊನೇ ವರ್ಷದ್ದು.”

“ಇಪ್ಪತ್ತಾರು ವರ್ಷ ಬರೆದಿದೀನಿ.” ಅಪ್ಪನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. “ಅಷ್ಟು ವರ್ಷದ್ದೂ ಬಿಟ್ಟು, ನಿಂಗೆ ಇದೇ ಸಿಕ್ತಾ?”

ಇದಕ್ಕೆ ಉತ್ತರವಿತ್ತು. ಅವಳು ಪುಟಗಟ್ಟಲೆ ಬರೆದಿಟ್ಟಿದ್ದಳು. ನೆಟ್ಟಗಿನ ಅಕ್ಷರವನ್ನು ಯಾರು ಬೇಕಾದರೂ ಬರೆಯುತ್ತಾರೆ ಅಪ್ಪ, ಬೀಳುತ್ತೇನೆ ಎಂದು ಗೊತ್ತಿದ್ದೂ ಎದ್ದು ನಿಂತ ಅಕ್ಷರ ಇದೊಂದೇ, ಇದನ್ನು ನೋಡಿದರೆ ನನಗೆ ನಾನು ಮಾತಾಡಲು ನಿಂತದ್ದು ಕಾಣುತ್ತದೆ ಎಂದು. ಆದರೆ ಬಾಯಿಗೆ ಬಂದದ್ದು ಬೇರೆ: “ಮೊದಲಿಂದೆಲ್ಲಾ... ಎಲ್ಲಾರ ಥರಾನೇ ಇತ್ತು ಅಪ್ಪ.”

ಹೇಳಿದ ಮೇಲೆ ಕೇಳಿಸಿತು, ಏನು ಹೇಳಿದೆ ಎಂದು.

ಅಪ್ಪ ಊಟದ ಚೀಲವನ್ನು ಸ್ಟೂಲಿನ ಮೇಲೆ ಇಟ್ಟರು. “ಬೇಡ ಕಣಮ್ಮ,” ಅಂದರು. “ಇದನ್ನ ಊರಿಗೆಲ್ಲಾ ಅಂಟಿಸ್ಬೇಡ. ಆ ಗೋಡೌನ್‌ನೋರೂ ಬೇಳೆಕಾಳಿನೋರೇ. ನೋಡ್ತಾರೆ. ನೋಡಿ ನಗ್ತಾರೆ. ಒಂದ್ಸಲ ನಕ್ಕಿದ್ದು ಸಾಕು.”

ಸ್ಕ್ರೀನುಗಳು ಒಣಗುತ್ತಿದ್ದವು. ಫಕೀರೇಶ ಗಡಿಯಾರ ನೋಡಿ, ನೋಡಿಲ್ಲದವನ ಹಾಗೆ ಮುಖ ತಿರುಗಿಸಿದ. ಹನ್ನೊಂದೂಮುಕ್ಕಾಲು. ಮೊದಲೇ ಬಂದಿದ್ದ ಆ ತುಂಬಿದ ಅಕ್ಷರದ ಒಂದೇ ಹಾಳೆಯನ್ನು ಒಯ್ಯಬಹುದಿತ್ತು. ರಾಗಿಣಿ ಮೇಡಂ ಒಂದು ಸಲ ನೋಡಿ, ಆ ಕುರ್ಚಿಗೆ ಮಂಗಳವಾರದವರನ್ನು ಕೂರಿಸುತ್ತಿದ್ದರು. ಹದಿಮೂರನೆಯ ಇಂಟರ್‌ವ್ಯೂ, ಹದಿನಾಲ್ಕನೆಯದು, ‘ನಿಮ್ಮ ಬಗ್ಗೆ ಹೇಳಿ’. ಅಪ್ಪನ ಕಣ್ಣು ನೋಡಿದರೆ ಆಗುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ನೋಡಲಿಲ್ಲ. ಬಟ್ಟೆಗೆ ಮತ್ತೆ ಥಿನ್ನರ್ ತಾಗಿಸಿ ‘ಳು’ವಿನ ಉಳಿದರ್ಧ ಒರೆಸಿದಳು. ಆಮೇಲೆ ‘ಮ’. ಆಮೇಲೆ ‘ನೆ’.

“ಫಕೀರೇಶಣ್ಣ, ತಗೊಳ್ಳಿ,” ಎಂದು ಫಿಲ್ಮು ಚಾಚಿದಳು. ತನ್ನ ದನಿಯ ಗುರುತು ಅವಳಿಗೇ ಸಿಗಲಿಲ್ಲ.

ಅಪ್ಪ ಹೊರಗೆ ಹೋದರು.

ಹೋಗಿಬಿಟ್ಟರು ಅಂದುಕೊಂಡಳು. ಹಿಂದೆ ಓಡಬೇಕು ಅನ್ನಿಸಿತು. ಓಡಿದರೆ ನಾಲ್ಕು ಗಂಟೆ ತಪ್ಪುತ್ತದೆ ಎಂದೂ ಅನ್ನಿಸಿತು. ಎರಡನೆಯದು ಗೆದ್ದಿತು, ಅದಕ್ಕೆ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಎರಡು ಗಂಟೆಗೆ ಮೊದಲ ಸ್ಕ್ರೀನು ಸಿದ್ಧವಾಯಿತು. ಫಕೀರೇಶ ಸ್ಕ್ರೀನಿನ ಮೇಲೆ ಇಂಕು ಎಳೆಯುತ್ತಿದ್ದ, ಅವಳು ಹಸಿ ಹಾಳೆಯನ್ನು ಅಂಚು ಹಿಡಿದು ಒಯ್ದು ತಂತಿಗೆ ಕ್ಲಿಪ್ ಹಾಕಿ ಬರುತ್ತಿದ್ದಳು. ಒಂದೊಂದು ಪೋಸ್ಟರಿಗೆ ಹತ್ತು, ಒಟ್ಟು ಮೂವತ್ತು. ಇಬ್ಬರಿಗೆ ಆಗುವ ಕೆಲಸವಲ್ಲ. ಎರಡೂವರೆಗೆ ಹನ್ನೆರಡು ಮಾತ್ರ ತಂತಿಯಲ್ಲಿದ್ದವು.

ಹದಿಮೂರನೆಯದನ್ನು ತಿರುಗಿ ತೆಗೆದುಕೊಳ್ಳುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ಅಪ್ಪನ ಕೈಯಲ್ಲಿತ್ತು. ಯಾವಾಗ ಒಳಗೆ ಬಂದರೋ. ಲಾರಿ ಬಂದು ನಿಂತಿದ್ದಾಗ ಮನಸ್ತಾಪ ಏನೇ ಇದ್ದರೂ ಚೀಲಕ್ಕೆ ಕೈ ಕೊಡುವವರ ಹಾಗೆ, ಮಾತಿಲ್ಲದೆ, ಹಾಳೆಯನ್ನು ಒಯ್ದು ತಂತಿಗೆ ಹಾಕಿದರು. ಕ್ಲಿಪ್ಪು ಎರಡು ಸಲ ಜಾರಿತು, ಮೂರನೆಯ ಸಲ ಕೂತಿತು. ಹೀಗೆ ಒಂದಾದ ಮೇಲೆ ಒಂದು. ಅಪ್ಪ ಹಾಕಿದ ಹಾಳೆಗಳೆಲ್ಲ ಅಕ್ಷರ ಗೋಡೆಯ ಕಡೆಗೆ, ಬರಿ ಬೆನ್ನು ಇವರ ಕಡೆಗೆ ಇದ್ದವು ಎಂಬುದನ್ನು ಅವಳು ಕೊನೆಯಲ್ಲಿ ಇಳಿಸುವಾಗ ಕಂಡಳು.

ಆಟೋದಲ್ಲಿ ಪೋಸ್ಟರಿನ ಕಟ್ಟು ಇಬ್ಬರ ನಡುವೆ ನಿಂತಿತ್ತು. ಮಾಗಡಿ ರೋಡು ದಾಟಿದ ಮೇಲೆ ಅಪ್ಪ ರಸ್ತೆಯ ಕಡೆಗೇ ನೋಡುತ್ತ, “ಯಾರಾದ್ರೂ ಕೇಳಿದ್ರೆ ನನ್ ಹೆಸರು ಹೇಳ್ಬೇಡ,” ಅಂದರು.

“ಹ್ಞೂಂ ಅಪ್ಪ.”

ಸ್ಟುಡಿಯೋದ ಮೆಟ್ಟಿಲು ಹತ್ತಲು ಅವರು ಒಪ್ಪಲಿಲ್ಲ. ಕೆಳಗೆ ಬೇಕರಿಯ ಮುಂದಿನ ಕಲ್ಲಿನ ಮೇಲೆ ಕೂತರು. ಅವಳು ಒಬ್ಬಳೇ ಹೋದಳು. ನಾಲ್ಕಕ್ಕೆ ಐದು ನಿಮಿಷವಿತ್ತು.

ಕಾಳುಮನೆಯ ಒಡತಿ ಅನಂತಲಕ್ಷ್ಮಿ ಅನ್ನುವವರು, ಅರವತ್ತರ ಹತ್ತಿರದವರು. ಪೋಸ್ಟರನ್ನು ಮೇಜಿನ ಮೇಲೆ ಹರಡಿಸಿ, ಕನ್ನಡಕ ಏರಿಸಿ, ಅಕ್ಷರದ ಮೇಲೆ ಅಂಗೈ ಆಡಿಸಿದರು. “ರಾಗಿಣಿ, ಇದಕ್ಕೆ ಇನ್ನೇನೂ ಮಾಡ್ಬೇಡಮ್ಮ. ಹೀಗೇ ಇರ್ಲಿ,” ಅಂದರು. ಅಷ್ಟೇ. ಹನ್ನೊಂದು ತಿಂಗಳಿಗೆ ಅರ್ಧ ನಿಮಿಷ.

ರಾಗಿಣಿ ಮೇಡಂ ನಕ್ಕರು. “ಒಂದನೇ ತಾರೀಕಿಂದ ಬನ್ನಿ ಧನ್ಯಶ್ರೀ. ಅಂದ ಹಾಗೆ ಇದರ ಮೂಲ ಚೀಲದ ಬರಹ ಅಂದ್ರಲ್ಲ, ಕೆಳಗೆ ಒಂದು ಸಣ್ಣ ಸಾಲು ಹಾಕೋಣ. ‘ಗೋಡೌನಿನ ಯಾರೋ ಕೂಲಿಯ ಕೈಬರಹ’ ಅಂತ. ಜನಕ್ಕೆ ಇಷ್ಟ ಆಗತ್ತೆ.”

ಹ್ಞೂಂ ಅಂದಿದ್ದರೆ ಮುಗಿಯುತ್ತಿತ್ತು. ಜೀವನವಿಡೀ ಹ್ಞೂಂ ಅಂದವಳಿಗೆ ಅದೇನು ಕಷ್ಟವಾಗಿರಲಿಲ್ಲ. ಆಟೋದಲ್ಲಿ ಕೊಟ್ಟ ಮಾತೂ ಅದೇ ಆಗಿತ್ತು.

“ಯಾರೋ ಅಲ್ಲ ಮೇಡಂ,” ಅಂದಳು. “ಮುನಿರಾಮಯ್ಯ ಅಂತ. ನಮ್ಮಪ್ಪ. ಇಪ್ಪತ್ತಾರು ವರ್ಷ ಮಾರ್ಕಾ ಬರೆದಿದಾರೆ. ಇದು ಕೈ ನಡುಗಕ್ಕೆ ಶುರುವಾದ್ಮೇಲಿಂದು. ಹಾಕೋದಾದ್ರೆ ಹೆಸರು ಹಾಕಿ.” ಒಂದೇ ಉಸಿರಿಗೆ ಅಷ್ಟು ಮಾತು ಅವಳು ಹೊರಗಿನವರ ಮುಂದೆ ಎಂದೂ ಆಡಿರಲಿಲ್ಲ.

ಕೆಳಗೆ ಬಂದಾಗ ಅಪ್ಪ ಎದ್ದು ನಿಂತರು. “ತಗೊಂಡ್ರಾ?”

“ತಗೊಂಡ್ರು ಅಪ್ಪ. ಕೆಲಸಾನೂ ಕೊಟ್ರು.”

ಅಪ್ಪನ ಮುಖ ಒಂದು ಗಳಿಗೆ ಅರಳಿತು. ಅದು ಸುಳ್ಳಲ್ಲ, ಅವಳು ನೋಡಿದಳು. ಆಮೇಲೆ ಕೇಳಿದರು, “ಯಾರು ಬರೆದಿದ್ದು ಅಂತ ಕೇಳಿದ್ರಾ?”

“ಯಾರೋ ಕೂಲಿ ಅಂತ ಹಾಕ್ತೀವಿ ಅಂದ್ರು. ನಾನು...” ಅವಳು ತಲೆ ತಗ್ಗಿಸಿದಳು. “ನಿಮ್ ಹೆಸರು ಹೇಳ್ಬಿಟ್ಟೆ.”

ಅಪ್ಪ ಬಯ್ಯಲಿಲ್ಲ. ಬಲಗೈಯನ್ನು ಶರ್ಟಿನ ಜೇಬಿನ ಹತ್ತಿರ ಒಯ್ದು, ಏನು ತೆಗೆಯಲು ಹೋದದ್ದೆಂದು ಮರೆತವರ ಹಾಗೆ ಅಲ್ಲೇ ಇಟ್ಟುಕೊಂಡರು. “ಬಸ್ ಬಂತು,” ಎಂದು ನಡೆದುಬಿಟ್ಟರು.

ಸಂಜೆಯ ಬಸ್ಸು, ಕಾಲಿಡಲು ಜಾಗವಿಲ್ಲ. ಅಪ್ಪ ಹಿಂದಿನ ಬಾಗಿಲಲ್ಲಿ ಹತ್ತಿದರು, ಅವಳು ಮುಂದಿನದರಲ್ಲಿ. ಹೆಂಗಸರ ನಡುವೆ ಸಿಕ್ಕಿಕೊಂಡು ಎಷ್ಟು ಕತ್ತು ಉದ್ದ ಮಾಡಿದರೂ ಹಿಂದೆ ತಲೆಗಳು, ಬ್ಯಾಗುಗಳು, ಮೇಲಿನ ಕಂಬಿ ಹಿಡಿದ ಕೈಗಳ ಸಾಲು. ಅವುಗಳಲ್ಲಿ ಅಪ್ಪನ ಕೈ ಯಾವುದೆಂದು ತಿಳಿಯಲಿಲ್ಲ. ಬಸ್ಸಿನ ಕುಲುಕಿಗೆ ಎಲ್ಲರ ಕೈಯೂ ಅದುರುತ್ತಿತ್ತು. ಎಲ್ಲೋ ಮಧ್ಯದಲ್ಲೇ ಇಳಿದುಬಿಟ್ಟರೆ? ಮನೆಗೆ ಬರದೆ ಇನ್ನೆಲ್ಲಿಗೋ ಹೋದರೆ?

ಕಂಡಕ್ಟರ್ ಹಿಂದಿನಿಂದ ಜನರನ್ನು ತಳ್ಳಿಕೊಂಡು ಬಂದ. ಅವಳಿಗೆ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ.

“ಸಾರ್, ಹಿಂದೆ ನಮ್ಮಪ್ಪ ಇದಾರೆ. ಬಿಳಿ ಶರ್ಟು, ಕೈಯಲ್ಲಿ ಊಟದ ಚೀಲ. ಅವರದ್ದೊಂದು ಕೊಡಿ.”

“ಕೈ ನಡುಗುತ್ತಲ್ಲ, ಅವರಾ? ಅವರು ಆಗ್ಲೇ ತಗೊಂಡ್ರಮ್ಮ.”

ಅವಳು ಕಂಡಕ್ಟರನ ತೋಳು ಹಿಡಿದೇ ಕೇಳಿದಳು, “ಎಲ್ಲಿಗೆ ತಗೊಂಡ್ರು ಸಾರ್?”

“ನಾಯಂಡಹಳ್ಳಿ, ಗೋಡೌನ್ ಸ್ಟಾಪು,” ಅಂದು ಅವನು ಮುಂದೆ ಹೋದ.